ವೀಗನ್ ಊಟ ಮಾಡಿ ನೋಡಬೇಕಾ? ಮೈಸೂರು, ಮಂಡ್ಯದ ಅಡುಗೆಮನೆಯಲ್ಲಿ ಯಾವುದರ ಬದಲು ಯಾವುದು

ವೀಗನ್ ಊಟ ಅಂದ ಕೂಡಲೇ ಜನ ಮೊದಲು ಹುಡುಕುವುದು ಬಾದಾಮಿ ಹಾಲು, ತೋಫು, ಆಮೇಲೆ ಯಾವುದೋ ದುಬಾರಿ ಚೀಸು. ಒಂದು ತಿಂಗಳು ನೋಡೋಣ ಅಂತ ಹೊರಟವರು ಮೊದಲ ವಾರದಲ್ಲೇ ಸಾವಿರಾರು ರೂಪಾಯಿ ಸುರಿದು, ಇದು ದುಡ್ಡಿದ್ದವರ ಆಟ ಅಂತ ಕೈಬಿಡುತ್ತಾರೆ. ನಮ್ಮ ಕಡೆಯವರಿಗೆ ಇದರ ಅಗತ್ಯವೇ ಇಲ್ಲ. ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಹಿತಕಿದ ಅವರೆಬೇಳೆ, ವಾಂಗಿಬಾತು, ಮೇಲುಕೋಟೆ ಪುಳಿಯೋಗರೆ, ಒತ್ತು ಶಾವಿಗೆ ಜೊತೆ ಕಾಯಿಹಾಲು. ಇವು ಯಾವುದಕ್ಕೂ ಹಾಲು, ಮೊಸರು, ಬೆಣ್ಣೆ ಬೇಕೇ ಬೇಕು ಅಂತಿಲ್ಲ.

ವೀಗನ್ ಅಂದರೆ ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಹಾಲಿನಿಂದ ಆದದ್ದು, ಜೇನುತುಪ್ಪ ಎಲ್ಲವನ್ನೂ ಬಿಡುವುದು. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಯವರು ಸಂಘ ಕಟ್ಟಿಕೊಂಡು ಈ ಹೆಸರು ಇಟ್ಟರು. ಹೆಸರು ಅಲ್ಲಿಯದು, ಊಟ ಮಾತ್ರ ಇಲ್ಲಿ ಅರ್ಧಕ್ಕರ್ಧ ಮೊದಲಿಂದಲೂ ಇದೆ. ತೊಡಕಿರುವುದು ಮೂರೇ ಕಡೆ: ಬೆಳಗಿನ ಕಾಫಿ, ಊಟದ ಕೊನೆಯ ಮೊಸರು, ಅನ್ನದ ಮೇಲೆ ಬೀಳುವ ತುಪ್ಪ. ಮಾಂಸ ತಿನ್ನುವ ಮನೆಯಾದರೆ ಭಾನುವಾರದ ಸಾರು ಅಂತ ನಾಲ್ಕನೆಯದೊಂದು ಸೇರುತ್ತದೆ. ದುಡ್ಡು, ತಲೆ ಎರಡನ್ನೂ ಈ ಜಾಗಗಳಿಗೆ ಮಾತ್ರ ಖರ್ಚು ಮಾಡಿ, ಉಳಿದ ಅಡುಗೆಯನ್ನು ಸುಮ್ನೆ ಇದ್ದ ಹಾಗೇ ಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಒಂದೇ ಸಲ ಬಿಡುವುದಾ, ಮೆಲ್ಲಗೆ ಬಿಡುವುದಾ

ದಾರಿ ಮೂರಿವೆ. ಒಂದು ತಿಂಗಳು ಪೂರ್ತಿ ಬಿಟ್ಟು ನೋಡುವುದು ಒಂದು. 2014ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವೀಗನ್ಯುವರಿ ಇದೇ ದಾರಿಯದು, ಜನವರಿ ಇಡೀ ವೀಗನ್ ಊಟ. ದಿನಕ್ಕೆ ಒಂದು ಹೊತ್ತು ಮಾತ್ರ ವೀಗನ್ ಊಟ ಮಾಡುವುದು ಇನ್ನೊಂದು. ಒಂದೊಂದೇ ಪದಾರ್ಥ ಬಿಡುತ್ತಾ ಹೋಗುವುದು ಮೂರನೆಯದು.

ನಿಮ್ಮ ಅಡುಗೆ ನೀವೇ ಮಾಡಿಕೊಳ್ಳುವವರಾದರೆ, ರೂಮಿನಲ್ಲಿರುವವರೋ ಗಂಡ ಹೆಂಡತಿ ಇಬ್ಬರೇ ಇರುವ ಮನೆಯವರೋ ಆದರೆ, ಒಂದು ತಿಂಗಳ ದಾರಿಯೇ ವಾಸಿ. ಕಾರಣ ನಾಲಿಗೆ. ಬೆಳಿಗ್ಗೆ ಹಾಲಿನ ಕಾಫಿ, ಸಂಜೆ ಸೋಯಾ ಕಾಫಿ ಅಂತ ಮಾಡಿದರೆ ಸಂಜೆಯದು ದಿನಾ ಸೋಲುತ್ತದೆ. ಎರಡು ವಾರ ಹಾಲಿನ ರುಚಿ ಬಾಯಿಗೆ ಬೀಳದಿದ್ದರೆ ಹೋಲಿಸುವುದಕ್ಕೆ ಪಕ್ಕದಲ್ಲಿ ಏನೂ ಇರುವುದಿಲ್ಲ. ದಿನಕ್ಕೊಂದು ಹೊತ್ತು ಅನ್ನುವ ದಾರಿ ಕೇಳಲು ಸುಲಭ, ಆದರೆ ನಮ್ಮ ಕಡೆ ಅದರಲ್ಲಿ ಅರ್ಥ ಕಡಿಮೆ. ಬೆಳಗಿನ ಇಡ್ಲಿ ಚಟ್ನಿಯೋ ರಾತ್ರಿಯ ಮುದ್ದೆ ಸಾರೋ ಹೇಗೂ ವೀಗನ್ನೇ, ಅಲ್ವಾ? ಏನೂ ಬದಲಾಗದೆ ತಿಂಗಳು ಮುಗಿದುಬಿಡುತ್ತದೆ.

ಅತ್ತೆ, ಮಾವ, ಮಕ್ಕಳು ಎಲ್ಲ ಇರುವ ಮನೆಯಾದರೆ ಒಂದೊಂದೇ ಬಿಡುವುದು ಮೇಲು. ಮೊದಲು ತುಪ್ಪ, ಆಮೇಲೆ ಕುಡಿಯುವ ಹಾಲು, ಕಡೆಗೆ ಮೊಸರು. ತುಪ್ಪ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಬಡಿಸುವಾಗ ಬೇಡ ಅಂದರೆ ಮುಗಿಯಿತು. ಮೊಸರು ಬೇಡ ಅಂದರೆ ಮಾತ್ರ ಪಂಚಾಯ್ತಿ ಶುರು. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಯಾವ ತಿಂಗಳು ಅನ್ನುವುದೂ ಒಂದು ಆಯ್ಕೆಯೇ. ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಶ್ರಾವಣದಲ್ಲಿ ಹೇಗೂ ಮಾಂಸ ಮಾಡುವುದಿಲ್ಲ, ಹಾಗಾಗಿ ಶ್ರಾವಣ ಸುಲಭ ಅನ್ನಿಸುತ್ತದೆ. ಆದರೆ ವರಮಹಾಲಕ್ಷ್ಮಿ, ಕೃಷ್ಣಾಷ್ಟಮಿ ಎರಡೂ ಅದೇ ತಿಂಗಳಲ್ಲಿ ಬರುತ್ತವೆ. ಹಾಲು, ಬೆಣ್ಣೆ, ತುಪ್ಪದ ಹಬ್ಬಗಳು. ನನ್ನನ್ನು ಕೇಳಿದರೆ ಜನವರಿಯೇ ಸರಿ, ಅದೂ ಬ್ರಿಟನ್ನಿನವರು ಹೇಳಿದರು ಅಂತಲ್ಲ. ಆಗ ಅವರೆಕಾಯಿ ಸುಗ್ಗಿ. ದೇವರಾಜ ಮಾರುಕಟ್ಟೆಯಿಂದ ಹಿಡಿದು ಮಂಡ್ಯದ ಬೀದಿ ಬದಿಯವರೆಗೆ ಸೊಗಡಿನ ಅವರೆ ರಾಶಿ ರಾಶಿ ಸಿಗುತ್ತದೆ. ಅವರೆಕಾಳು ಉಪ್ಪಿಟ್ಟು, ಅವರೆಕಾಳು ಸಾರು, ಹಿತಕಬೇಳೆ ಅಂತ ತಿಂಗಳು ಓಡಿಹೋಗುತ್ತದೆ. ಸಂಕ್ರಾಂತಿಯ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಯ ಡಬ್ಬಿ ಮನೆಯಲ್ಲೇ ಇರುತ್ತದೆ. ಸಂಜೆ ಹಸಿವಾದಾಗ ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಯಾವ ಪ್ರೋಟೀನ್ ಬಾರೂ ಬೇಕಾಗುವುದಿಲ್ಲ.

ಯಾರಿಗೆ ಯಾವುದು ಕಷ್ಟ

ಸಸ್ಯಾಹಾರಿಗಳಿಗೆ ವೀಗನ್ ಆಗುವುದು ಸುಲಭ, ಮಾಂಸಾಹಾರಿಗಳಿಗೆ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಎಷ್ಟೋ ಸಲ ತಿರುಗುಮುರುಗು. ಮೈಸೂರು ಪಟ್ಟಣದ ಸಸ್ಯಾಹಾರಿ ಮನೆಯಲ್ಲಿ ದಿನಕ್ಕೆ ಎರಡು ಮೂರು ಸಲ ಕಾಫಿ, ಎರಡೂ ಊಟಕ್ಕೆ ಮೊಸರು, ತಿಳಿಸಾರಿಗೆ ತುಪ್ಪ. ಮಂಡ್ಯದ ಹಳ್ಳಿಯ ಒಕ್ಕಲು ಮನೆಯಲ್ಲಿ ಮಾಂಸ ವಾರಕ್ಕೊಮ್ಮೆಯೋ ಹಬ್ಬಕ್ಕೋ, ಹಾಲು ಬಹುಪಾಲು ಡೇರಿಗೆ. ಪಾಂಡವಪುರದ ಕಡೆ ಎರಡು ಹಸು ಕಟ್ಟಿರುವ ನಮ್ಮ ದೊಡ್ಡಮ್ಮನನ್ನು ಕೇಳಿದರೆ, ‘ಡೇರಿಗ್ ಹಾಕಕ್ಕೇ ಸಾಲಕಿಲ್ಲ, ನಾವೆಲ್ಲಿ ಕುಡ್ಯದು ಕಣವ್ವ? ಕಾಪಿಗೊಂದ್ ಲೋಟ ಎತ್ತಿಡ್ತೀನಿ, ಅಷ್ಟೇಯ’ ಅನ್ನುತ್ತಾರೆ. ಅವರ ದಿನದ ಅಡುಗೆಯಲ್ಲಿ ಬಿಡಬೇಕಾದ್ದು ಆ ಒಂದು ಲೋಟ ಮಾತ್ರ.

ಅಲ್ಲಿಯ ಕಷ್ಟ ಬೇರೆ. ಡೇರಿಯ ಬಟವಾಡೆಯಲ್ಲಿ ಮನೆ ನಡೆಯುವಾಗ ‘ಹಾಲು ಬಿಟ್ಟಿದ್ದೇನೆ’ ಅಂದರೆ ದೊಡ್ಡಮ್ಮ ಕೇಳುವ ಮುಂದಿನ ಪ್ರಶ್ನೆ, ‘ಹಂಗಾರೆ ಹಸ ಯಾಕ್ ಸಾಕದು?’ ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ವಾದ ಮಾಡುವುದಕ್ಕೂ ಹೋಗುವುದಿಲ್ಲ. ಊರಿಗೆ ಹೋದಾಗ ಬೆಲ್ಲದ ಕರಿ ಕಾಫಿ ಕೇಳುತ್ತೇನೆ, ಅವರು ಕೊಡುತ್ತಾರೆ. ಇಂಥ ಮನೆಯವರು ಮಾಡಿ ನೋಡುವುದಾದರೆ ಆರೋಗ್ಯಕ್ಕೋ ರುಚಿಗೋ ನೋಡುತ್ತಿದ್ದೇನೆ ಅಂತ ಹೇಳುವುದು ಲೇಸು. ಹಸುವಿನ ನೋವಿನ ಮಾತು ನಿಜವಿದ್ದರೂ ಕೊಟ್ಟಿಗೆಯಲ್ಲಿ ನಿಂತು ಆಡುವ ಮಾತಲ್ಲ.

ಕಾಫಿಗೆ ಯಾವ ಹಾಲು

ಬಹಳ ಜನ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಂದಹಾಗೆ, ಈಗ ಅಂಗಡಿಯಲ್ಲಿ ಸೋಯಾ, ಓಟ್ಸ್, ಬಾದಾಮಿಯ ಪೊಟ್ಟಣಗಳ ಮೇಲೆ ಹಾಲು ಅಂತ ಬರೆದಿರುವುದಿಲ್ಲ, ಡ್ರಿಂಕ್ ಅಂತ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಹಾಗಿದೆ. ಹುಡುಕುವಾಗ ಗೊಂದಲ ಬೇಡ.

ಸೋಯಾ: ಸತ್ವದಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವುದು ಇದೊಂದೇ. 100 ಮಿಲಿಲೀಟರಿಗೆ ಸುಮಾರು 3 ಗ್ರಾಂ ಪ್ರೋಟೀನ್, ಹಸುವಿನ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಮನೆಯಲ್ಲಿ ಮಾಡಿದರೆ ಅಗ್ಗ. ರಾತ್ರಿ ನೆನೆಸಿದ ಕಾಳಿನ ಸಿಪ್ಪೆ ತೆಗೆದು, ಬಿಸಿ ನೀರು ಹಾಕಿ ರುಬ್ಬಿ, ಸೋಸಿ, ಹದಿನೈದು ನಿಮಿಷ ಚೆನ್ನಾಗಿ ಕುದಿಸಬೇಕು. ಅರೆಬರೆ ಕುದಿಸಿದರೆ ಹಸಿ ವಾಸನೆ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ಕಾಫಿಯಲ್ಲಿ ಇದರ ದೊಡ್ಡ ತೊಂದರೆ ಒಡೆಯುವುದು. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಎರಡೂ ಸೇರಿ ಲೋಟದ ಮೇಲೆ ಸಣ್ಣ ಸಣ್ಣ ಚೂರು ತೇಲುತ್ತವೆ. ಹಾಲನ್ನು ಕುದಿಸದೆ ಬಿಸಿ ಮಾತ್ರ ಮಾಡಿ, ಮೊದಲು ಲೋಟಕ್ಕೆ ಹಾಲು, ಅದರ ಮೇಲೆ ಹೊಸ ಡಿಕಾಕ್ಷನ್ ನಿಧಾನವಾಗಿ ಹಾಕಿದರೆ ಒಡೆಯುವುದು ಬಹಳ ಕಡಿಮೆ ಆಗುತ್ತದೆ. ರಾತ್ರಿ ಉಳಿದ ಡಿಕಾಕ್ಷನ್ ಬೇಡ.

ಓಟ್ಸ್: ಅಂಗಡಿಯದು ಕಾಫಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಒಡೆಯುವುದಿಲ್ಲ, ಸ್ವಲ್ಪ ಸಿಹಿ ತಾನಾಗೇ ಇರುತ್ತದೆ. ಆದರೆ ಬೆಲೆ ನಂದಿನಿ ಹಾಲಿನ ನಾಲ್ಕೈದು ಪಟ್ಟು. ಮನೆಯಲ್ಲಿ ರುಬ್ಬಿಕೊಳ್ಳೋಣ ಅಂದರೆ ಅದು ಕಾಫಿಗೆ ಆಗುವುದಿಲ್ಲ. ಬಿಸಿಯಾದ ಕೂಡಲೇ ಗಂಜಿಯ ಹಾಗೆ ಲೋಳೆಯಾಗುತ್ತದೆ. ಅಂಗಡಿಯವರು ಕಿಣ್ವ ಹಾಕಿ ಅದರ ಗಂಜಿಯನ್ನು ಮುರಿದಿರುತ್ತಾರೆ, ನಮ್ಮ ಮಿಕ್ಸಿಯಿಂದ ಆಗುವ ಕೆಲಸ ಅಲ್ಲ ಅದು. ಪ್ರೋಟೀನ್ ಸೋಯಾದ ಅರ್ಧಕ್ಕಿಂತ ಕಡಿಮೆ.

ಬಾದಾಮಿ: ಹೆಸರು ದೊಡ್ಡದು. ಪೊಟ್ಟಣದ ಬಾದಾಮಿ ಹಾಲಿನಲ್ಲಿ ಬಾದಾಮಿ ಬಹಳ ಕಡಿಮೆ, ನೀರೇ ಜಾಸ್ತಿ, 100 ಮಿಲಿಲೀಟರಿಗೆ 1 ಗ್ರಾಂ ಪ್ರೋಟೀನ್ ಬಂದರೆ ಹೆಚ್ಚು. ಕಾಫಿಗೆ ತೆಳು. ಬಾದಾಮಿಯನ್ನು ನೆನೆಸಿ ತಿನ್ನಿ, ಹಾಲಿಗೆ ಬೇಡ.

ಗೋಡಂಬಿ: ಬೆಲೆ ಇದೆ, ಆದರೆ ಹತ್ತು ಹನ್ನೆರಡು ಬೀಜದಲ್ಲಿ ಎರಡು ಲೋಟ ಕಾಫಿಯಾಗುತ್ತದೆ. ಸೋಸುವ ಕೆಲಸ ಇಲ್ಲ. ಗಟ್ಟಿಯಾಗಿ, ಹಳೆಯ ಹೋಟೆಲಿನ ಕಾಫಿಯಷ್ಟು ದಪ್ಪ ಬರುತ್ತದೆ. ಮನೆಗೆ ನೆಂಟರು ಬಂದಾಗ ನಾನು ಇದನ್ನೇ ಮಾಡುವುದು.

ತೆಂಗಿನಹಾಲು ಹಾಕಿದ ಕಾಫಿಯನ್ನು ಕೆಲವರು ಹೊಗಳುತ್ತಾರೆ. ನನಗೆ ಅದು ಪಾಯಸಕ್ಕೆ ಕಾಫಿ ಪುಡಿ ಬಿದ್ದ ಹಾಗೆ ಅನ್ನಿಸುತ್ತದೆ.

ದಿನನಿತ್ಯಕ್ಕೆ ಮನೆಯ ಸೋಯಾ, ಅಥವಾ ಹಾಲೇ ಇಲ್ಲದ ಬೆಲ್ಲದ ಕಾಫಿ. ಬೆಲ್ಲದ ಕಾಫಿಗೆ ಒಂದು ವಾರ ಕೊಟ್ಟು ನೋಡಿ, ಡಿಕಾಕ್ಷನ್ ಸ್ವಲ್ಪ ತೆಳುವಾಗಿರಲಿ. ಮಂಡ್ಯದಲ್ಲಿ ಇದ್ದುಕೊಂಡು ಒಳ್ಳೆ ಬೆಲ್ಲ ಸಿಗುವುದಿಲ್ಲ ಅನ್ನುವ ಹಾಗಿಲ್ಲ. ಆಲೆಮನೆಯ ಕಪ್ಪು ಬಣ್ಣದ್ದೇ ಇರಲಿ, ಹಳದಿ ಬಣ್ಣಕ್ಕೆ ಹೊಳೆಯುವುದಕ್ಕೆ ಬಿಳಿ ಮಾಡುವ ರಾಸಾಯನಿಕ ಹಾಕಿರುವುದೇ ಹೆಚ್ಚು.

ಮೊಸರು ಬಿಟ್ಟರೆ ಊಟ ಮುಗಿಯುವುದು ಹೇಗೆ

ಮೊಸರಿನ ಬದಲಿ ಹುಡುಕುವ ಮೊದಲು ಯಾವುದಕ್ಕೆ ಬೇಕು ಅಂತ ನೋಡಿಕೊಳ್ಳಿ. ಮಜ್ಜಿಗೆಹುಳಿಗೆ ಬೇಕಾದ ಮೊಸರು ಬೇರೆ, ಮೊಸರನ್ನಕ್ಕೆ ಬೇಕಾದ್ದು ಬೇರೆ.

ನನ್ನ ಮತ ಕಡಲೆಕಾಯಿ ಬೀಜದ ಮೊಸರಿಗೆ. ಒಂದು ಲೋಟ ಬೀಜ ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆಯಿರಿ. ಮೂರು ಲೋಟ ನೀರು ಹಾಕಿ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಸೋಸಿ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಕುದಿ ಬರಿಸಿ. ತಳ ಬಹಳ ಬೇಗ ಹಿಡಿಯುತ್ತದೆ, ಫೋನ್ ಬಂತು ಅಂತ ಆಚೆ ಹೋಗಬೇಡಿ. ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಐದಾರು ಹಸಿಮೆಣಸಿನಕಾಯಿ ತೊಟ್ಟುಗಳನ್ನು ಟೊಪ್ಪಿಯ ಸಮೇತ ಕಿತ್ತು ಅದರಲ್ಲಿ ಮುಳುಗಿಸಿ. ತೊಟ್ಟಿನಲ್ಲಿರುವ ಸೂಕ್ಷ್ಮಜೀವಿಗಳೇ ಹೆಪ್ಪು. ಬೇಸಿಗೆಯಲ್ಲಿ ಎಂಟು ಹತ್ತು ಗಂಟೆಗೆ ಹೆಪ್ಪಾಗುತ್ತದೆ. ಚಳಿಗಾಲದಲ್ಲಿ ಹಾಟ್‌ಕೇಸಿನಲ್ಲಿಟ್ಟು ಟವೆಲ್ ಸುತ್ತಬೇಕು. ಮೊದಲ ಸಲದ್ದು ರುಚಿಯಲ್ಲಿ ಅಷ್ಟಕ್ಕಷ್ಟೇ, ಅದನ್ನು ತಿನ್ನಲು ಹೋಗಬೇಡಿ, ಹೆಪ್ಪಾಗಿ ಇಟ್ಟುಕೊಳ್ಳಿ. ಅದರಿಂದ ಒಂದು ಚಮಚ ಹಾಕಿ ಮಾಡಿದ ಎರಡನೆಯ ಮೊಸರು ನಿಜವಾಗಿ ಮೊಸರಿನ ಹಾಗಿರುತ್ತದೆ.

ಕಡಲೆಕಾಯಿ ಬೀಜದ ವಾಸನೆ ಇದ್ದೇ ಇರುತ್ತದೆ. ಸಾಸಿವೆ, ಇಂಗು, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆ ಬಿದ್ದ ಮೇಲೆ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ಹಾಗಾಗಿ ಒಗ್ಗರಣೆ ಹಾಕಿದ ಮೊಸರನ್ನಕ್ಕೆ ಇದು ಒಳ್ಳೆಯದು, ಬರೀ ಅನ್ನ ಮೊಸರು ಉಪ್ಪಿನಕಾಯಿ ತಿನ್ನುವವರಿಗೆ ಅಷ್ಟು ಹಿಡಿಸುವುದಿಲ್ಲ. ಸೋಯಾ ಮೊಸರಿನ ವಾಸನೆ ಇನ್ನೂ ಜಾಸ್ತಿ, ಆದರೆ ನೀರುಮಜ್ಜಿಗೆ ಮಾಡಲು ಅದೇ ಸರಿ. ತೆಳುವಾಗಿ ಹರಿಯುತ್ತದೆ, ಶುಂಠಿ, ಕೊತ್ತಂಬರಿ ಹಾಕಿದರೆ ಗುರುತೇ ಸಿಗುವುದಿಲ್ಲ. ತೆಂಗಿನಹಾಲಿನ ಮೊಸರು ಫ್ರಿಜ್ಜಿನಲ್ಲಿ ಬೆಣ್ಣೆಯಷ್ಟು ಗಟ್ಟಿಯಾಗುತ್ತದೆ, ಹಣ್ಣಿನ ಜೊತೆ ತಿನ್ನಬಹುದು, ಅನ್ನಕ್ಕೆ ಬೇಡ. ಮಜ್ಜಿಗೆಹುಳಿಗೆ ಕಡಲೆಕಾಯಿ, ಸೋಯಾ ಎರಡೂ ನಡೆಯುತ್ತವೆ. ಕಾಯಿ, ಕಡಲೆಬೇಳೆಯ ಮಸಾಲೆಯೇ ಅದರಲ್ಲಿ ಮುಂದೆ ನಿಲ್ಲುವುದು. ಬೂದುಗುಂಬಳ ಮಸಾಲೆಯಲ್ಲಿ ಕುದಿದು ಮುಗಿದ ಮೇಲೆ ಒಲೆ ಆರಿಸಿ ಮೊಸರು ಬೆರೆಸಿ. ಕುದಿಸಿದರೆ ಒಡೆಯುತ್ತದೆ.

ಬದಲಿಯೇ ಬೇಡ ಅನ್ನುವವರಿಗೂ ದಾರಿ ಇದೆ. ರಾಗಿ ಅಂಬಲಿಯನ್ನು ರಾತ್ರಿ ಕಾಯಿಸಿ ಹುಳಿ ಬರಲು ಬಿಟ್ಟರೆ ಮಜ್ಜಿಗೆ ಬೆರೆಸದೆಯೇ ಹದವಾದ ಹುಳಿ ಬಂದಿರುತ್ತದೆ. ಈರುಳ್ಳಿ, ಉಪ್ಪು, ಕೊತ್ತಂಬರಿ ಹಾಕಿ ಬಿಸಿಲಿನ ಹೊತ್ತಿಗೆ ಕುಡಿದರೆ ಮಜ್ಜಿಗೆ ನೆನಪಾಗುವುದಿಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟ ತಂಗಳನ್ನದಲ್ಲೂ ಆ ಹುಳಿ ಇದೆ.

ತುಪ್ಪ, ಬೆಣ್ಣೆ, ಸಿಹಿ

ತುಪ್ಪದ ಬದಲು ಡಾಲ್ಡಾ ಹಾಕಬಹುದಾ ಅಂತ ಕೇಳುವವರಿದ್ದಾರೆ. ಲೆಕ್ಕದಲ್ಲಿ ವನಸ್ಪತಿ ವೀಗನ್ನೇ, ಒಳ್ಳೆಯದು ಅಂತ ಮಾತ್ರ ಹೇಳಲಾರೆ. ಅದರಲ್ಲಿರುವ ಟ್ರಾನ್ಸ್ ಕೊಬ್ಬಿಗೆ ಸರ್ಕಾರ 2022ರ ಜನವರಿಯಿಂದ ಶೇ. 2ರ ಮಿತಿ ಹಾಕಿದೆ ಅನ್ನುವುದೇ ಅದರ ಗುಣ ಹೇಳುತ್ತದೆ. ಮುದ್ದೆಗೆ ಒಂದು ಚಮಚ ಗಾಣದ ಕಡಲೆಕಾಯಿ ಎಣ್ಣೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿ. ಪುಳಿಯೋಗರೆಗೆ ಎಳ್ಳೆಣ್ಣೆ, ಅದಕ್ಕೆ ತುಪ್ಪ ಯಾವತ್ತೂ ಬೇಕಿರಲಿಲ್ಲ. ಬಿಸಿಬೇಳೆಬಾತಿಗೆ ಕೊನೆಯಲ್ಲಿ ಹುರಿದ ಕೊಬ್ಬರಿ ತುರಿ ಒಂದು ಹಿಡಿ ಹಾಕಿದರೆ ತುಪ್ಪ ಕೊಡುವ ಜಿಡ್ಡು ಅದರಿಂದಲೇ ಬರುತ್ತದೆ. ಕೊಬ್ಬರಿ ಎಣ್ಣೆ ಕರಾವಳಿಯವರಿಗೆ ಸರಿ. ನಮ್ಮಲ್ಲಿ ಅದರ ವಾಸನೆ ಬಂದರೆ ತಲೆ ಬಾಚುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಸಿಹಿಯ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಡುಸು. ಮೈಸೂರು ಪಾಕಿನ ವೀಗನ್ ರೂಪ ಹುಡುಕಬೇಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪ ಕಡಲೆಹಿಟ್ಟು, ಸಕ್ಕರೆ, ತುಪ್ಪದಲ್ಲಿ ಮಾಡಿದ ತಿನಿಸು ಅದು, ತುಪ್ಪ ತೆಗೆದರೆ ಉಳಿಯುವುದು ಕಡಲೆಹಿಟ್ಟಿನ ಬರ್ಫಿ. ಎಣ್ಣೆಯಲ್ಲಿ ಮಾಡಿದ್ದನ್ನೂ ತಿಂದಿದ್ದೇನೆ. ಚೆನ್ನಾಗಿಯೇ ಇತ್ತು, ಮೈಸೂರು ಪಾಕ್ ಆಗಿರಲಿಲ್ಲ. ಅದರ ಬದಲು ಹಾಲು ತುಪ್ಪ ಇಲ್ಲದೆಯೇ ಹುಟ್ಟಿದ ಸಿಹಿಗಳಿಗೆ ಹೋಗಿ. ಒತ್ತು ಶಾವಿಗೆಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಗಸಗಸೆ ಪಾಯಸ. ಒಬ್ಬಟ್ಟಿಗೆ ತುಪ್ಪದ ಬದಲು ಕಾಯಿಹಾಲು, ಕಣಕಕ್ಕೆ ಎಣ್ಣೆ. ನಂಜನಗೂಡು ರಸಬಾಳೆ ಸಿಕ್ಕರೆ ರಸಾಯನ, ಜೇನಿನ ಜಾಗಕ್ಕೆ ಬೆಲ್ಲ. ಇನ್ನೊಂದು ಲಾಭವೂ ಇದೆ. ಬೆಲ್ಲ ಹಾಕಿದ ಪಾಯಸದಲ್ಲಿ ಹಸುವಿನ ಹಾಲು ಒಡೆಯುತ್ತದೆ ಅಂತ ಹೆದರಿ ಹೆದರಿ ಬೆರೆಸುತ್ತೇವೆ, ಕಾಯಿಹಾಲಿಗೆ ಆ ಭಯ ಕಡಿಮೆ. ಕೊನೆಯಲ್ಲಿ ಗಟ್ಟಿಹಾಲು ಹಾಕಿ ಕುದಿಸದೆ ಇಳಿಸಿದರೆ ಸಾಕು.

ಭಾನುವಾರದ ಸಾರಿಗೆ ಏನು

ಬನ್ನೂರು ಕುರಿಯ ಸೀಮೆಯವರಿಗೆ ಸೋಯಾ ಚಂಕ್ಸ್ ತೋರಿಸಿದರೆ ಮುಖ ಸಿಂಡರಿಸುತ್ತಾರೆ, ನ್ಯಾಯವೇ. ಆದರೆ ಮಾಂಸದ ಸಾರಿನಲ್ಲಿ ಅರ್ಧ ರುಚಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ ಲವಂಗ, ಧನಿಯ, ಗಸಗಸೆ, ಕಾಯಿಯದು. ಆ ಮಸಾಲೆಯನ್ನು ಅದೇ ಕೈಯಲ್ಲಿ ರುಬ್ಬಿ, ಒಳಗೆ ಏನು ಹಾಕಬೇಕು ಅನ್ನುವುದಷ್ಟೇ ಆಯ್ಕೆ.

ಹಿತಕಿದ ಅವರೆಬೇಳೆ ಮೊದಲನೆಯ ಸ್ಥಾನಕ್ಕೆ. ಅವರೆ ಇಲ್ಲದ ಕಾಲಕ್ಕೆ ಅಣಬೆ, ಅದು ಮಸಾಲೆ ಹೀರಿಕೊಳ್ಳುತ್ತದೆ, ಜಗಿಯುವುದಕ್ಕೂ ಇದೆ. ಎಳೆ ಹಲಸಿನಕಾಯಿ ನೋಡುವುದಕ್ಕೆ ಮಾಂಸದ ಹಾಗೇ ಇರುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ, ಜೊತೆಗೆ ಕಾಳಿನ ಪಲ್ಯ ಇರಲಿ. ಸೋಯಾ ಚಂಕ್ಸಿನಲ್ಲಿ ಪ್ರೋಟೀನ್ ಎಲ್ಲಕ್ಕಿಂತ ಹೆಚ್ಚು, ಒಣಗಿದ್ದು 100 ಗ್ರಾಂಗೆ ಸುಮಾರು 52 ಗ್ರಾಂ. ಬಿಸಿ ನೀರಿನಲ್ಲಿ ನೆನೆಸಿ ಎರಡು ಸಲ ಗಟ್ಟಿಯಾಗಿ ಹಿಂಡಿ ತೆಗೆಯದಿದ್ದರೆ ಆ ವಾಸನೆ ಇಡೀ ಸಾರನ್ನು ಕೆಡಿಸುತ್ತದೆ. ತೋಫು ನಮ್ಮ ಸಾರಿಗೆ ಹೊಂದುವುದಿಲ್ಲ. ಪನೀರಿನ ಜಾಗದಲ್ಲಿ, ಪಲಾವಿಗೋ ಪಲ್ಯಕ್ಕೋ ಆಗುತ್ತದೆ.

ದಿನದ ಪ್ರೋಟೀನ್ ಬಗ್ಗೆ ಹೆದರಿಕೆ ಎಲ್ಲರಿಗೂ ಇರುವುದರಿಂದ ಒಂದು ಲೆಕ್ಕ ಕೊಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ 7, ಅದರ ಜೊತೆಯ 60 ಗ್ರಾಂ ಹುರುಳಿಯೋ ಅಲಸಂದೆಯೋ ಹೆಸರುಕಾಳೋ ಕೊಡುವುದು 13, 150 ಗ್ರಾಂ ಅಕ್ಕಿಯ ಅನ್ನದಲ್ಲಿ 11, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಅಲ್ಲಿಗೆ 38 ಆಯಿತು. ಉಳಿದದ್ದು ಎರಡು ಲೋಟ ಸೋಯಾ ಹಾಲು ಅಥವಾ 25 ಗ್ರಾಂ ಚಂಕ್ಸಿನಲ್ಲಿ ಬಂತು. ಮುದ್ದೆ ಜೊತೆ ಕಾಳುಸಾರು ಇದ್ದರೆ ಒಂದರಲ್ಲಿ ಕಡಿಮೆ ಇರುವ ಅಮೈನೋ ಆಮ್ಲ ಇನ್ನೊಂದರಲ್ಲಿ ಸಿಗುತ್ತದೆ. ಜಿಮ್ಮಿನವರು ಹೇಳುವ ಪೌಡರ್ ಡಬ್ಬಿ ಮಾಮೂಲಿ ಜನಕ್ಕೆ ಬೇಡ. ಹಾಗಂತ ಸೊಪ್ಪಿನ ಸಾರು ಅನ್ನ ಮಾತ್ರ ತಿಂದುಕೊಂಡು ವೀಗನ್ ಅಂದರೆ ತಿಂಗಳೊಳಗೆ ಸುಸ್ತು ಹೊಡೆಯುತ್ತದೆ. ಕಾಳು ದಿನಾ ಇರಲೇಬೇಕು.

ಬಿ12: ಇಲ್ಲಿ ಆಯ್ಕೆ ಇಲ್ಲ

ಗಿಡದಿಂದ ಬರುವ ಯಾವ ಊಟದಲ್ಲೂ ವಿಟಮಿನ್ ಬಿ12 ನಂಬುವ ಹಾಗೆ ಸಿಗುವುದಿಲ್ಲ. ಸ್ಪಿರುಲಿನಾದಲ್ಲಿದೆ ಅನ್ನುವವರಿದ್ದಾರೆ, ಅದರಲ್ಲಿರುವುದು ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ಬೇಕಾದ್ದು ದಿನಕ್ಕೆ 2.2 ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಇಲ್ಲದಿದ್ದರೆ ಕೈಕಾಲು ಜುಮ್ಮೆನ್ನುವುದು, ಬಾಯಿ ಹುಣ್ಣು, ಮರೆವು. ಪಿತ್ತಜನಕಾಂಗದಲ್ಲಿ ದಾಸ್ತಾನು ಇರುವುದರಿಂದ ವರ್ಷಗಟ್ಟಲೆ ಏನೂ ಗೊತ್ತಾಗದೆ ಇರಬಹುದು. ‘ನಂಗೇನೂ ಆಗಿಲ್ಲ’ ಅನ್ನುವ ಧೈರ್ಯ ಬರುವುದೇ ಅದರಿಂದ. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಬಿ12 ಕಡಿಮೆ ಇರುವವರು ಬೇಕಾದಷ್ಟು ಜನ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಅದು ಇನ್ನೂ ಇಳಿಯುತ್ತದೆ. ಶುರು ಮಾಡುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ, ಎಷ್ಟು ಪ್ರಮಾಣದ ಮಾತ್ರೆ ಅಂತ ವೈದ್ಯರನ್ನೇ ಕೇಳಿ. ಮಾತ್ರೆ ಮತ್ತು ಕ್ಯಾಪ್ಸೂಲ್ ಎರಡರಲ್ಲಿ ಮಾತ್ರೆ ಆರಿಸಿ, ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಪ್ರಾಣಿಗಳ ಜೆಲಾಟಿನ್. ವಿಟಮಿನ್ ಡಿ3 ಕೂಡ ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ಬರುವಂಥದ್ದು. ವೀಗನ್ ಡಿ ಬೇಕು ಅಂತ ಕೇಳಿ ತೆಗೆದುಕೊಳ್ಳಬೇಕು.

ಸುಣ್ಣದ ಅಂಶಕ್ಕೆ ನಮ್ಮ ಕಡೆ ಅಷ್ಟು ಚಿಂತೆ ಬೇಡ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲಿನಲ್ಲಿ 120ರ ಆಸುಪಾಸು. ಮೈಗೆ ಹಿಡಿಯುವುದು ಎರಡರಲ್ಲೂ ಒಂದೇ ಸಮ ಅಲ್ಲ, ರಾಗಿಯ ಸಿಪ್ಪೆಯಲ್ಲಿರುವ ಫೈಟೇಟ್ ಸ್ವಲ್ಪ ತಡೆಯುತ್ತದೆ. ಮೊಳಕೆ ಕಟ್ಟಿಸಿ ಒಣಗಿಸಿ ಹಿಟ್ಟು ಮಾಡಿದರೆ ಆ ತಡೆ ಕಡಿಮೆಯಾಗುತ್ತದೆ. ಜೊತೆಗೆ ಎಳ್ಳು, ನುಗ್ಗೆಸೊಪ್ಪು. ಪಾಲಕ್ ಈ ಲೆಕ್ಕಕ್ಕೆ ಬರುವುದಿಲ್ಲ, ಅದರ ಆಕ್ಸಲೇಟ್ ಇದ್ದ ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯ ಮಾತು ಬಂದಾಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೆನೆಯದೆ ಇರಲಾಗುವುದಿಲ್ಲ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ಕೆಲಸ ಮಾಡಿದ್ದು ಅಲ್ಲೇ.

ಕಬ್ಬಿಣಕ್ಕೆ ಒಂದೇ ಮಾತು: ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಊಟವಾದ ಕೂಡಲೇ ಕಾಫಿ ಟೀ ಕುಡಿಯಬೇಡಿ, ಒಂದು ಗಂಟೆ ತಡೆಯಿರಿ. ಬಸುರಿಯರು, ಹಾಲೂಡಿಸುವವರು, ಚಿಕ್ಕ ಮಕ್ಕಳು ಇದನ್ನು ತಮ್ಮಷ್ಟಕ್ಕೆ ಮಾಡಿ ನೋಡುವುದು ಬೇಡ, ವೈದ್ಯರ ಜೊತೆ ಮಾತಾಡಿಯೇ ಮುಂದುವರಿಯಲಿ.

ಹೊರಗೆ ತಿನ್ನುವಾಗ

ಮೈಸೂರಿನ ಗೋಕುಲಂ ಕಡೆ, ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ, ವೀಗನ್ ತಿಂಡಿ ಕೊಡುವ ಕೆಫೆಗಳಿವೆ. ಚೆನ್ನಾಗಿರುತ್ತವೆ, ಬೆಲೆಯೂ ಹಾಗೇ ಇರುತ್ತದೆ. ತಿಂಗಳಿಗೊಮ್ಮೆ ಸ್ನೇಹಿತರ ಜೊತೆ ಹೋಗಲು ಸರಿ. ದಿನದ ತಿಂಡಿಗೆ ಮಾಮೂಲಿ ಹೋಟೆಲೇ ಸಾಕು, ಕೇಳುವುದು ಗೊತ್ತಿದ್ದರೆ.

ಇಡ್ಲಿ, ಉದ್ದಿನವಡೆ, ಪೂರಿ ಸಾಗು ಸಾಮಾನ್ಯವಾಗಿ ತೊಂದರೆ ಇಲ್ಲ. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕೂರಿಸುವುದಕ್ಕೆ ಮುಂಚೆ ಹೇಳಬೇಕು. ಮೈಸೂರು ಮಸಾಲೆ ದೋಸೆಗೆ ‘ಬೆಣ್ಣೆ, ತುಪ್ಪ ಬೇಡ, ಎಣ್ಣೆ ಹಾಕಿ’ ಅಂದರೆ ಮಾಡಿಕೊಡುತ್ತಾರೆ, ಕಲ್ಲಿನ ಮೇಲೆ ಹಿಂದಿನ ದೋಸೆಯ ಬೆಣ್ಣೆ ಇರುವುದನ್ನು ನೀವು ಒಪ್ಪಿಕೊಳ್ಳಬೇಕು. ರವೆ ಇಡ್ಲಿಯಲ್ಲಿ ಮೊಸರಿದೆ, ಗೋಳಿಬಜೆಯಲ್ಲೂ ಇದೆ. ಕೇಸರಿಬಾತು ಬಿಡಿ. ಖಾರಾಬಾತು, ಪೊಂಗಲ್ ತುಪ್ಪದವು ಅಂತಲೇ ಇಟ್ಟುಕೊಳ್ಳಿ. ಮದ್ದೂರು ವಡೆಯ ಹಿಟ್ಟಿಗೆ ಕೆಲವರು ಕಾಯಿಸಿದ ಎಣ್ಣೆ, ಕೆಲವರು ತುಪ್ಪ, ಬೆಣ್ಣೆ ಹಾಕಿ ಕಲಸುತ್ತಾರೆ. ರೈಲಿನಲ್ಲಿ ಮಾರುವವರನ್ನು ಕೇಳಿ ಪ್ರಯೋಜನ ಇಲ್ಲ, ಮಾಡುವ ಕಡೆಯೇ ಕೇಳಬೇಕು. ಚಟ್ನಿಗೆ ಒಂದೊಂದು ಕಡೆ ಮೊಸರು ಬೆರೆಸುತ್ತಾರೆ, ನಾಲಿಗೆಗೆ ಹುಳಿ ಸಿಕ್ಕರೆ ಕೇಳಿ.

ಅಂಗಡಿಯ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಅದಕ್ಕೆ ಮಾಂಸ, ಮೊಟ್ಟೆ ಇಲ್ಲ ಅಂತ ಮಾತ್ರ ಅರ್ಥ, ಹಾಲು ಜೇನು ಇರಬಹುದು. ವೀಗನ್ ಪದಾರ್ಥಕ್ಕೆ 2022ರ ನಿಯಮದ ಪ್ರಕಾರ ಬೇರೆಯೇ ಗುರುತಿದೆ, ಎಲೆ ಇರುವ ಹಸಿರು ‘ವಿ’ ಅಕ್ಷರ. ಆ ಗುರುತು ಇಲ್ಲದಿದ್ದರೆ ಹಿಂಬದಿ ಓದಿ. ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಅಂತ ಇದ್ದರೆ ಅದು ಹಾಲೇ. ಬಿಸ್ಕತ್ತು, ಬ್ರೆಡ್, ಮಸಾಲೆ ಚಿಪ್ಸಿನಲ್ಲೂ ಇರುತ್ತದೆ.

ಮದುವೆ ಮನೆಯಲ್ಲಿ ಬಡಿಸುವ ಹುಡುಗರನ್ನು ಕೇಳಿದರೆ ಅವರಿಗೆ ಗೊತ್ತಿರುವುದಿಲ್ಲ, ಪಂಕ್ತಿ ಮಧ್ಯೆ ಕೇಳುವುದಕ್ಕೂ ಸಮಯ ಇರುವುದಿಲ್ಲ. ಊಟಕ್ಕೆ ಕೂರುವ ಮೊದಲು ಅಡುಗೆ ಭಟ್ಟರ ಹತ್ತಿರ ಹೋಗಿ, ‘ಸ್ವಾಮಿ, ನಾನು ಹಾಲು ಮೊಸರು ತಿನ್ನಲ್ಲ, ಯಾವುದರಲ್ಲಿ ಹಾಕಿದ್ದೀರಿ?’ ಅಂತ ಕೇಳಿ. ಕೋಸಂಬರಿ, ಪಲ್ಯ, ಗೊಜ್ಜು, ಹುಳಿ, ಸಾರು, ಹಪ್ಪಳ, ಉಪ್ಪಿನಕಾಯಿ ಹೆಚ್ಚಾಗಿ ಪರವಾಗಿಲ್ಲ. ಪಾಯಸದಲ್ಲಿ ಹಾಲು, ಚಿತ್ರಾನ್ನ ಬಿಟ್ಟು ಉಳಿದ ಬಾತುಗಳಲ್ಲಿ ತುಪ್ಪ ಇರುವ ಸಂಭವ ಜಾಸ್ತಿ. ಅನ್ನ ಬಡಿಸಿದ ಬೆನ್ನಿಗೇ ತುಪ್ಪದ ಗಿಂಡಿ ಬರುತ್ತದೆ, ಆ ಹೊತ್ತಿಗೆ ಪಕ್ಕದವರ ಜೊತೆ ಮಾತಾಡುತ್ತಾ ಕೂತಿರಬೇಡಿ.